ಕೈಬರಹದಂತೆ ಕಾಣುವ ಫಾಂಟ್: ನೋಡುವುದು, ಆರಿಸುವುದು, ಬಳಸುವುದು

ಕೈಯಲ್ಲಿ ಬರೆದ ಹಾಗಿರುವ ಫಾಂಟ್‌ಗಳಿಗೆ ಇವತ್ತು ಬರವಿಲ್ಲ. ಹುಡುಕಿದರೆ ರಾಶಿ ರಾಶಿ ಸಿಗುತ್ತವೆ, ಪುಕ್ಕಟೆ ಸಿಗುವವೂ ಬೇಕಾದಷ್ಟಿವೆ. ಹಾಗಿದ್ದೂ ಪೋಸ್ಟರ್, ಆಹ್ವಾನ ಪತ್ರ, ಸ್ಲೈಡ್‌ಗಳಲ್ಲಿ ಇಂಥ ಅಕ್ಷರ ಕಣ್ಣಿಗೆ ಹಿತವಾಗಿ ಕೂತಿರುವುದು ಅಪರೂಪ. ನಾವು ಫಾಂಟನ್ನೇ ಬೈಯುತ್ತೇವೆ. ನನಗನಿಸುವ ಹಾಗೆ ಎಡವಟ್ಟು ಬೇರೆ ಕಡೆ ಇದೆ. ಈ ಬಗೆಯ ಅಕ್ಷರ ಇರುವುದು ಯಾರೋ ಒಬ್ಬರ ದನಿಯಲ್ಲಿ ಒಂದು ಚಿಕ್ಕ ಮಾತು ಆಡಲಿಕ್ಕೆ. ಅದರಿಂದ ಇಡೀ ವರದಿ ಓದಿಸಲು ಹೋದಾಗ ಕೆಡುತ್ತದೆ.

ಇನ್ನೊಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಅಕ್ಷರಗಳು ಸುಮ್ನೆ ಗೀಚಿದ ಹಾಗೆ ಕಾಣುತ್ತವೆ, ನಿಜ. ಆ ‘ಸುಮ್ನೆ’ಯ ಹಿಂದೆ ತುಂಬಾ ಲೆಕ್ಕಾಚಾರ ಇರುತ್ತದೆ. 1953ರಲ್ಲಿ ಫ್ರಾನ್ಸಿನ ರೋಜೆ ಎಕ್ಸ್‌ಕೊಫಾನ್ ತನ್ನದೇ ಕೈಬರಹದ ಆಧಾರದಲ್ಲಿ ‘ಮಿಸ್ತ್ರಾಲ್’ ಎಂಬ ಅಚ್ಚಿನ ಅಕ್ಷರ ಮಾಡಿದರು. ಆಗಿನ್ನೂ ಸೀಸದ ಮೊಳೆಗಳ ಕಾಲ. ಒಂದೊಂದು ಅಕ್ಷರವೂ ಬಿಡಿ ಮೊಳೆ. ಯಾವ ಅಕ್ಷರದ ಪಕ್ಕ ಯಾವುದನ್ನಿಟ್ಟರೂ ಗೆರೆ ಕೂಡಿಕೊಂಡ ಹಾಗೆ ಕಾಣಬೇಕು. ಪೆನ್ನು ಎತ್ತದೆ ಬರೆದಂತೆ ಕಾಣುವ ಆ ಸಾಲುಗಳ ಹಿಂದೆ ಅಷ್ಟು ಕರಾರುವಾಕ್ಕಾದ ಅಳತೆ ಇತ್ತು. ಒಳ್ಳೆಯ ಫಾಂಟನ್ನೂ ಕಳಪೆ ಫಾಂಟನ್ನೂ ಬೇರೆ ಮಾಡುವುದು ಇವತ್ತಿಗೂ ಈ ಅಳತೆಯೇ.

ಮೊದಲು ನೋಡಲು ಕಲಿಯಿರಿ

ಇಷ್ಟವಾದ ಒಂದು ಫಾಂಟಿನಲ್ಲಿ ಯಾವುದಾದರೂ ಪದ ಟೈಪ್ ಮಾಡಿ, ಪರದೆ ತುಂಬುವಷ್ಟು ಹಿಗ್ಗಿಸಿ. ಈಗ ಗೆರೆಯ ತುದಿ ನೋಡಿ. ತುದಿ ಗುಂಡಗಿದ್ದು, ಗೆರೆ ಎಲ್ಲ ಕಡೆ ಒಂದೇ ದಪ್ಪ ಇದ್ದರೆ ಅದು ಬಾಲ್‌ಪೆನ್ ಅಥವಾ ಸ್ಕೆಚ್‌ಪೆನ್ನಿನ ನಕಲು. ತುದಿ ಚಪ್ಪಟೆಯಾಗಿ ಕತ್ತರಿಸಿದಂತಿದ್ದರೆ ಮಾರ್ಕರ್. ಶುರುವಿನಲ್ಲಿ ದಪ್ಪ, ಕೊನೆಯಲ್ಲಿ ಸಣ್ಣಗೆ ಎಳೆದುಕೊಂಡು ಹೋಗಿದ್ದರೆ ಕುಂಚ. ಇದನ್ನು ಗುರುತಿಸುವುದು ಯಾಕೆ ಮುಖ್ಯ ಅಂದರೆ, ಓದುವವರಿಗೆ ಮೊದಲು ತಟ್ಟುವುದು ಪೆನ್ನು. ಅಕ್ಷರದ ಆಕಾರ ಆಮೇಲೆ. ಬಾಲ್‌ಪೆನ್ನಿನದು ಚೀಟಿ ಬರೆದಿಟ್ಟ ಹಾಗೆ, ಮಾರ್ಕರ್‌ದು ಗೋಡೆಗೆ ಅಂಟಿಸಿದ ಹಾಗೆ, ಕುಂಚದ್ದು ಸ್ವಲ್ಪ ಗತ್ತು.

ಎರಡನೆಯದು, ಸಾಲು. ಅಚ್ಚಿನ ಅಕ್ಷರಗಳೆಲ್ಲ ಕಣ್ಣಿಗೆ ಕಾಣದ ಒಂದು ಗೆರೆಯ ಮೇಲೆ ಕೂತಿರುತ್ತವೆ. ಸಡಿಲ ಬರಹದ ಫಾಂಟಿನಲ್ಲಿ ಒಂದು ಅಕ್ಷರ ಕೂದಲೆಳೆಯಷ್ಟು ಮೇಲೆ, ಇನ್ನೊಂದು ಕೂದಲೆಳೆಯಷ್ಟು ಕೆಳಗೆ. ಈ ಕುಣಿತ ಸ್ವಲ್ಪವೇ ಇದ್ದರೆ ಜೀವ ಬರುತ್ತದೆ. ಜಾಸ್ತಿಯಾದರೆ ಓದುವವರಿಗೆ ಕಣ್ಣು ಉರಿ.

ಮೂರನೆಯದು, ಒಂದೇ ಅಕ್ಷರ ಎರಡು ಸಲ ಬಂದಾಗ ಏನಾಗುತ್ತದೆ ಅನ್ನುವುದು. ‘ಕನಕ’ ಅಂತ ಟೈಪ್ ಮಾಡಿ ನೋಡಿ. ಮೊದಲ ‘ಕ’ದ ಹೊಟ್ಟೆಯ ಗೆರೆ ಒಂಚೂರು ಸೊಟ್ಟಗಿದೆ ಅಂತಿಟ್ಟುಕೊಳ್ಳಿ. ಕೊನೆಯ ‘ಕ’ದಲ್ಲೂ ಅದೇ ಸೊಟ್ಟ, ಅದೇ ಜಾಗದಲ್ಲಿ, ಅಷ್ಟೇ ಅಳತೆಗೆ. ಮನುಷ್ಯರ ಕೈ ಹಾಗೆ ಬರೆಯಲಾರದು. ಕಣ್ಣು ತಕ್ಷಣ ಇದು ಯಂತ್ರ ಅಂತ ಹಿಡಿದುಬಿಡುತ್ತದೆ. ಇಂಗ್ಲಿಷಿನಲ್ಲಿ ‘ಬಲೂನ್’ ಅಂತ ಬರೆದರೆ ಇನ್ನೂ ಢಾಳಾಗಿ ಗೊತ್ತಾಗುತ್ತದೆ. ಎರಡು ಎಲ್, ಎರಡು ಓ ಅಕ್ಕಪಕ್ಕದಲ್ಲೇ ನಿಲ್ಲುತ್ತವೆ. ಒಳ್ಳೆಯ ಫಾಂಟ್ ಮಾಡುವವರು ಒಂದೇ ಅಕ್ಷರಕ್ಕೆ ಎರಡು ಮೂರು ರೂಪ ಬರೆದಿಟ್ಟು, ಪಕ್ಕದಲ್ಲಿ ಏನಿದೆ ನೋಡಿಕೊಂಡು ಅವು ತಾವಾಗಿ ಬದಲಾಗುವಂತೆ ಮಾಡಿರುತ್ತಾರೆ. ಈ ಸೌಲಭ್ಯಕ್ಕೆ ಕಾಂಟೆಕ್ಸ್ಚುಯಲ್ ಆಲ್ಟರ್ನೇಟ್ಸ್ ಅಂತ ಹೆಸರು. ವರ್ಡ್‌ನಲ್ಲಿ ಬೇಕಿದ್ದರೆ ಫಾಂಟ್ ಡೈಲಾಗ್ ತೆರೆದು, ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ಅದಕ್ಕೆ ಟಿಕ್ ಹಾಕಬೇಕು. ಬಹಳ ಜನರಿಗೆ ಈ ಟಿಕ್ ಇರುವುದೇ ಗೊತ್ತಿಲ್ಲ.

ಹಂತ 1: ಮಾತು ಯಾರದ್ದು?

ಫಾಂಟ್ ಹುಡುಕುವ ಮೊದಲು ನಿಮ್ಮ ಪಠ್ಯ ಎದುರಿಗಿಟ್ಟುಕೊಂಡು ಈ ಪ್ರಶ್ನೆ ಕೇಳಿ. ಇದನ್ನು ಒಬ್ಬ ವ್ಯಕ್ತಿ ಕೈಯಲ್ಲಿ ಬರೆದು ಕೊಟ್ಟಿದ್ದರೆ ಸಹಜ ಅನಿಸುತ್ತಿತ್ತೇ?

ಡಬ್ಬಿಯ ಮೇಲಿನ ಚೀಟಿ, ಧನ್ಯವಾದದ ಕಾರ್ಡ್, ಚಿತ್ರಕಥೆಯ ಮಾತಿನ ಗುಳ್ಳೆ, ಫೋಟೊ ಕೆಳಗಿನ ಒಂದು ಸಾಲು, ನಕ್ಷೆಯ ಮೇಲೆ ಬಾಣ ಎಳೆದು ಬರೆಯುವ ಟಿಪ್ಪಣಿ, ಮಕ್ಕಳ ಚಟುವಟಿಕೆ ಹಾಳೆ. ಇವೆಲ್ಲಕ್ಕೂ ಹೌದು. ಔಷಧಿಯ ಪ್ರಮಾಣ, ಕರಾರು ಪತ್ರ, ಎಚ್ಚರಿಕೆ ಫಲಕ, ಅಂಕಿಗಳ ಕೋಷ್ಟಕ, ಶೋಕ ಸಂದೇಶ. ಇವಕ್ಕೆ ಬೇಡವೇ ಬೇಡ. ಅಂಕಿ ತಪ್ಪಿ ಓದಿದರೆ ಅನಾಹುತವಾಗುವ ಕಡೆ ಅಲಂಕಾರಕ್ಕೆ ಜಾಗವಿಲ್ಲ.

ಈ ಪ್ರಶ್ನೆಯಿಂದಲೇ ಹುಟ್ಟಿದ ಫಾಂಟ್ ಒಂದಿದೆ, ಎಲ್ಲರಿಗೂ ಗೊತ್ತಿರುವ ಕಾಮಿಕ್ ಸ್ಯಾನ್ಸ್. 1994ರಲ್ಲಿ ಮೈಕ್ರೋಸಾಫ್ಟ್‌ನಲ್ಲಿದ್ದ ವಿನ್ಸೆಂಟ್ ಕೊನೇರ್, ‘ಮೈಕ್ರೋಸಾಫ್ಟ್ ಬಾಬ್’ ಎಂಬ ತಂತ್ರಾಂಶದ ಪರೀಕ್ಷಾ ಆವೃತ್ತಿ ನೋಡಿದರು. ಅದರಲ್ಲೊಂದು ಕಾರ್ಟೂನ್ ನಾಯಿ ಮಾತಾಡುತ್ತಿತ್ತು, ಅದರ ಮಾತಿನ ಗುಳ್ಳೆಯಲ್ಲಿ ಟೈಮ್ಸ್ ನ್ಯೂ ರೋಮನ್ ಅಕ್ಷರ! ನಾಯಿಗೆ ಪತ್ರಿಕೆಯ ಸಂಪಾದಕೀಯದ ದನಿ ಹೊಂದುತ್ತದೆಯೇ? ಕಾಮಿಕ್ ಪುಸ್ತಕಗಳ ಕೈಬರಹ ನೋಡಿಕೊಂಡು ಅವರು ಹೊಸ ಅಕ್ಷರ ಬರೆದರು. ಬಾಬ್‌ಗೆ ಅದು ಹೊತ್ತಿಗೆ ಸರಿಯಾಗಿ ಸೇರಲಿಲ್ಲ. ಮುಂದೆ ವಿಂಡೋಸ್ 95ರ ಪ್ಲಸ್ ಪ್ಯಾಕ್ ಜೊತೆ ಹೊರಬಂದು ಜಗತ್ತಿನ ಮೂಲೆ ಮೂಲೆಗೆ ಹೋಯಿತು. ಆಮೇಲೆ ಅದಕ್ಕೆ ಬಿದ್ದ ಬೈಗುಳವೂ ಕಡಿಮೆಯೇನಲ್ಲ. 2012ರ ಜುಲೈ 4ರಂದು ಯುರೋಪಿನ ಕಣ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನಲ್ಲಿ ಹಿಗ್ಸ್ ಕಣದ ಬಗ್ಗೆ ಫಲಿತಾಂಶ ಮಂಡಿಸಿದ ವಿಜ್ಞಾನಿ ಫಾಬಿಯೋಲಾ ಜಾನೋತಿ ಅವರ ಸ್ಲೈಡ್‌ಗಳಲ್ಲಿ ಕಾಮಿಕ್ ಸ್ಯಾನ್ಸ್ ಇತ್ತು. ಅಂಥ ದಿನ ಜನ ಭೌತವಿಜ್ಞಾನ ಬಿಟ್ಟು ಫಾಂಟ್ ಬಗ್ಗೆ ಜಗಳ ಕಾದರು. ನಾಯಿಯ ಬಾಯಲ್ಲಿ ಸರಿಯಿದ್ದ ಅಕ್ಷರ ಅಲ್ಲಿ ಗಮನವನ್ನೆಲ್ಲ ತನ್ನತ್ತ ಎಳೆದುಕೊಂಡಿತು.

ಹಾಗಂತ ಕಾಮಿಕ್ ಸ್ಯಾನ್ಸನ್ನು ಕಂಡಲ್ಲೆಲ್ಲ ಹೀಗಳೆಯುವುದೂ ಸರಿಯಲ್ಲ. ಡಿಸ್‌ಲೆಕ್ಸಿಯಾ (ಓದಲು ಬರೆಯಲು ತೊಡಕಾಗುವ ಸ್ಥಿತಿ) ಇರುವವರಿಗೆ ಅಕ್ಷರಗಳು ಒತ್ತೊತ್ತಾಗಿ ಕಾಣಬಾರದೆಂದು ಬ್ರಿಟಿಷ್ ಡಿಸ್‌ಲೆಕ್ಸಿಯಾ ಅಸೋಸಿಯೇಷನ್ ಸೂಚಿಸುವ ಫಾಂಟ್‌ಗಳಲ್ಲಿ ಏರಿಯಲ್ ಜೊತೆ ಕಾಮಿಕ್ ಸ್ಯಾನ್ಸ್ ಕೂಡ ಇದೆ.

ಇನ್ನೊಂದು ಒಳ್ಳೆಯ ಬಳಕೆ ಕರಡುಗಳದ್ದು. ಆ್ಯಪ್ ಹೇಗಿರಬೇಕು ಅಂತ ಮೊದಲ ನಕ್ಷೆ ಬಿಡಿಸುವಾಗ ಎಕ್ಸ್‌ಕ್ಯಾಲಿಡ್ರಾ, ಬಾಲ್ಸಮಿಕ್‌ನಂಥ ಸಾಧನಗಳು ಬೇಕಂತಲೇ ಕೈಬರಹದ ಅಕ್ಷರ ಕೊಡುತ್ತವೆ. ಅಚ್ಚುಕಟ್ಟಾದ ಅಕ್ಷರದಲ್ಲಿ ತೋರಿಸಿದರೆ ನೋಡುವವರು ಎಲ್ಲ ಮುಗಿದಿದೆ ಅಂದುಕೊಂಡು ಬಣ್ಣದ ಬಗ್ಗೆ ಮಾತು ತೆಗೆಯುತ್ತಾರೆ. ಕೈಬರಹ ಇದ್ದರೆ ‘ಇದಿನ್ನೂ ಕರಡು, ಬದಲಾಯಿಸಬಹುದು’ ಅನ್ನುವುದು ಹೇಳದೇ ತಿಳಿಯುತ್ತದೆ.

ಹಂತ 2: ಆರಿಸುವಾಗ ನಿಮ್ಮದೇ ಪಠ್ಯ ಹಾಕಿ ನೋಡಿ

ಫಾಂಟ್ ಮಾರುವವರು ತೋರಿಸುವ ಮಾದರಿ ಚಿತ್ರ ನಂಬಬೇಡಿ. ಆ ಫಾಂಟಿನಲ್ಲಿ ಚೆನ್ನಾಗಿ ಕಾಣುವ ಪದಗಳನ್ನೇ ಅವರು ಆರಿಸಿರುತ್ತಾರೆ. ನೀವು ಅಚ್ಚು ಹಾಕಬೇಕಾದ ಸಾಲನ್ನೇ ಅಂಟಿಸಿ. ಹೆಸರು, ದಿನಾಂಕ, ಅಂಕಿ, ಪ್ರಶ್ನಾರ್ಥಕ, ಆವರಣ ಚಿಹ್ನೆ ಎಲ್ಲ ಇರಲಿ. ಪುಕ್ಕಟೆ ಫಾಂಟ್‌ಗಳು ಸಾಮಾನ್ಯವಾಗಿ ಕೈಕೊಡುವುದು ಅಂಕಿಗಳಲ್ಲಿ ಮತ್ತು ಚಿಹ್ನೆಗಳಲ್ಲಿ.

ಇಂಗ್ಲಿಷ್ ಅಕ್ಷರ ಬಳಸುವುದಾದರೆ ದೊಡ್ಡ ಐ, ಸಣ್ಣ ಎಲ್, ಅಂಕಿ 1 ಮೂರನ್ನೂ ಪಕ್ಕಪಕ್ಕ ಟೈಪ್ ಮಾಡಿ. ಮೂರೂ ಒಂದೇ ಕಡ್ಡಿಯಂತೆ ಕಂಡರೆ ಪಾಸ್‌ವರ್ಡ್, ವಿಳಾಸ, ಫೋನ್ ನಂಬರ್ ಇರುವ ಕಡೆ ಆ ಫಾಂಟ್ ಬೇಡ.

ಕನ್ನಡಕ್ಕೆ ಪರೀಕ್ಷೆ ಇನ್ನೂ ಕಟ್ಟುನಿಟ್ಟಾಗಿರಬೇಕು. ಮೊದಲು ನೋಡಬೇಕಾದದ್ದು, ಆ ಫಾಂಟಿನಲ್ಲಿ ಕನ್ನಡ ಇದೆಯೇ ಇಲ್ಲವೇ ಅನ್ನುವುದು. ಇದೇನು ಕೇಳುವ ಪ್ರಶ್ನೆಯೇ ಅನಿಸಬಹುದು. ಆದರೆ ಜನ ಎಡವುವುದೇ ಇಲ್ಲಿ. ‘ಕಲಂ’ ಎಂಬ ಕೈಬರಹದ ಫಾಂಟ್ ಇದೆ, ಅದರಲ್ಲಿ ದೇವನಾಗರಿ ಮತ್ತು ಲ್ಯಾಟಿನ್ ಲಿಪಿ ಇವೆ, ಕನ್ನಡ ಇಲ್ಲ. ಅದನ್ನು ಆರಿಸಿ ಕನ್ನಡ ಟೈಪ್ ಮಾಡಿದರೆ ಕಂಪ್ಯೂಟರ್ ಸದ್ದಿಲ್ಲದೆ ತನ್ನ ಬಳಿ ಇರುವ ಬೇರೆ ಕನ್ನಡ ಫಾಂಟ್ ಹಾಕಿಬಿಡುತ್ತದೆ. ವಿಂಡೋಸ್‌ನಲ್ಲಾದರೆ ಸಾಮಾನ್ಯವಾಗಿ ನಿರ್ಮಲ. ಮೇಲಿನ ಪಟ್ಟಿಯಲ್ಲಿ ಮಾತ್ರ ಕಲಂ ಅಂತಲೇ ತೋರಿಸುತ್ತಿರುತ್ತದೆ. ಇಂಗ್ಲಿಷ್ ಕೈಬರಹ, ಕನ್ನಡ ಸರ್ಕಾರಿ ಸುತ್ತೋಲೆ!

ಎರಡನೆಯದು, ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರುಗಳೂ ಒಪ್ಪುವ ಒಂದೇ ಸಂಕೇತ) ಹೌದೇ? ಕನ್ನಡದ ಹಳೆಯ ಅಲಂಕಾರಿಕ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದವು. ಫಾಂಟ್ ಬದಲಾಯಿಸಿದ ಕೂಡಲೇ ಪಠ್ಯವೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಒಂದು ಬಾರಿ ಅಚ್ಚಾಗುವ ಪೋಸ್ಟರ್‌ಗಾದರೆ ಪರವಾಗಿಲ್ಲ. ವೆಬ್ ಪುಟಕ್ಕೆ, ಹುಡುಕಲು ಸಿಗಬೇಕಾದ ದಾಖಲೆಗೆ ಬೇಡ.

ಮೂರನೆಯದು, ಒತ್ತಕ್ಷರ. ಈ ಪದಗಳನ್ನು ಹಾಕಿ ನೋಡಿ: ಸ್ತ್ರೀ, ರಾಷ್ಟ್ರೀಯ, ಲಕ್ಷ್ಮಿ, ಜ್ಞಾನ, ಅರ್ಘ್ಯ, ಕ್ರೌರ್ಯ. ಎರಡು ಒತ್ತು ಒಟ್ಟಿಗೆ ಬಂದಾಗ ಒಂದರ ಮೇಲೊಂದು ಬೀಳುತ್ತಿವೆಯೇ? ಅರ್ಕಾವೊತ್ತು ಸರಿಯಾದ ಜಾಗದಲ್ಲಿ ಕೂತಿದೆಯೇ? ದೀರ್ಘದ ಬಾಲ ಮುಂದಿನ ಅಕ್ಷರಕ್ಕೆ ತಾಗುತ್ತಿದೆಯೇ? ಆಮೇಲೆ ಒಂದರಂತೆ ಒಂದು ಕಾಣುವ ಜೋಡಿಗಳು: ದ–ಧ, ಪ–ಫ, ಡ–ಢ, ಬ–ಭ, ಪ–ಷ, ಮ–ವ. ಅವಸರದ ಬರಹದ ನಕಲಿನಲ್ಲಿ ಮಹಾಪ್ರಾಣದ ಪುಟ್ಟ ಸೀಳು ಮೊದಲು ಮಾಯವಾಗುತ್ತದೆ. ‘ಧನ’ ಹೋಗಿ ‘ದನ’ ಆದರೆ ಕಷ್ಟ ಅಲ್ವಾ?

ಕನ್ನಡದಲ್ಲಿ ನೋಡಬಹುದಾದ ಕೆಲವು ಹೆಸರು ಹೇಳುತ್ತೇನೆ. ‘ನವಿಲು’ ಮುಕ್ತವಾಗಿ ಸಿಗುವ ಕೈಬರಹದ ಫಾಂಟ್. ‘ಹುಬ್ಬಳ್ಳಿ’ ಒಂದೇ ದಪ್ಪದ ಗೆರೆಯದ್ದು. ‘ಅಕಾಯ ಕನಡಕ’ದ ರೂಪ ಸ್ವಲ್ಪ ತುಂಟತನದ್ದು, ಶೀರ್ಷಿಕೆಗೆ ಹೇಳಿ ಮಾಡಿಸಿದ್ದು. ‘ಬಲೂ ತಮ್ಮ’ ಕೈಬರಹವೇನಲ್ಲ, ದುಂಡು ದುಂಡಾದ ದಪ್ಪ ಅಕ್ಷರ. ಆದರೂ ಸಲುಗೆಯ ದನಿ ಬೇಕಾದಾಗ ಕೆಲಸಕ್ಕೆ ಬರುತ್ತದೆ, ಬೇರೆ ಬೇರೆ ದಪ್ಪದಲ್ಲೂ ಸಿಗುತ್ತದೆ. ನವಿಲು ಬಿಟ್ಟು ಉಳಿದ ಮೂರೂ ಗೂಗಲ್ ಫಾಂಟ್ಸ್‌ನಲ್ಲಿವೆ.

ಹಂತ 3: ಪರವಾನಗಿ ಓದಿ

ಚಿಕ್ಕ ಕೆಲಸ, ಬಿಡಬೇಡಿ. ‘ವೈಯಕ್ತಿಕ ಬಳಕೆಗೆ ಮಾತ್ರ’ ಅಂತಿದ್ದರೆ ಮಾರುವ ವಸ್ತುವಿನ ಮೇಲೆ, ಅಂಗಡಿಯ ಫಲಕದ ಮೇಲೆ ಹಾಕುವಂತಿಲ್ಲ. ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಇದ್ದರೆ ನಿರಾಳ. ವ್ಯಾಪಾರಕ್ಕೂ ಬಳಸಬಹುದು, ತಿದ್ದಲೂಬಹುದು. ಆ ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ, ಅಷ್ಟೇ.

ಹಂತ 4: ಅಳವಡಿಸುವುದು

ವಿಂಡೋಸ್‌ನಲ್ಲಿ ಫಾಂಟ್ ಕಡತದ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿ. ಮ್ಯಾಕ್‌ನಲ್ಲಿ ಎರಡು ಸಲ ಕ್ಲಿಕ್ಕಿಸಿದರೆ ಫಾಂಟ್ ಬುಕ್ ತೆರೆದುಕೊಳ್ಳುತ್ತದೆ. ತಂತ್ರಾಂಶ ಮೊದಲೇ ತೆರೆದಿದ್ದರೆ ಒಮ್ಮೆ ಮುಚ್ಚಿ ತೆರೆಯಿರಿ.

ಫೋಟೊಶಾಪ್ ಅಥವಾ ಇನ್‌ಡಿಸೈನ್‌ನಲ್ಲಿ ಒತ್ತಕ್ಷರ ಕೆಳಗೆ ಕೂರದೆ ಬಿಡಿ ಬಿಡಿಯಾಗಿ ನಿಂತರೆ ಫಾಂಟನ್ನು ಅಳಿಸಲು ಹೋಗಬೇಡಿ. ವರ್ಲ್ಡ್-ರೆಡಿ ಎಂಬ ಆಯ್ಕೆ ಹುಡುಕಿ ಆನ್ ಮಾಡಿ. ಇನ್‌ಡಿಸೈನ್‌ನಲ್ಲಿ ಅದು ಪ್ಯಾರಾಗ್ರಾಫ್ ಪ್ಯಾನೆಲ್‌ನ ಕಂಪೋಸರ್ ಪಟ್ಟಿಯಲ್ಲಿದೆ. ಇಂಕ್‌ಸ್ಕೇಪ್, ಲಿಬ್ರೆಆಫೀಸ್‌ಗಳಲ್ಲಿ ಈ ತಾಪತ್ರಯವಿಲ್ಲ.

ವೆಬ್ ಪುಟಕ್ಕಾದರೆ, ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಫಾಂಟ್ ಹೆಸರಿನ ನಂತರ ಒಂದು ಬದಲಿ ಫಾಂಟ್ ಹೆಸರೂ ಇರಲಿ. ಬರೀ ‘ಕರ್ಸಿವ್’ ಅಂತ ಬರೆದು ಬಿಟ್ಟರೆ ವಿಂಡೋಸ್‌ನ ಬ್ರೌಸರ್‌ಗಳು ಸಾಮಾನ್ಯವಾಗಿ ಕಾಮಿಕ್ ಸ್ಯಾನ್ಸ್ ತೋರಿಸುತ್ತವೆ. ಅದು ನಿಮಗೆ ಬೇಕಿತ್ತೋ ಇಲ್ಲವೋ ಯೋಚಿಸಿ.

ಹಂತ 5: ಕೂರಿಸುವುದು

ಅರ್ಧ ಕೆಲಸ ಇಲ್ಲೇ ಇದೆ. ಹೆಚ್ಚಿನವರು ಫಾಂಟ್ ಬದಲಾಯಿಸಿ ಉಳಿದದ್ದನ್ನು ಇದ್ದ ಹಾಗೇ ಬಿಡುತ್ತಾರೆ.

ಗಾತ್ರ ಮೊದಲು. ಕೈಬರಹದ ಫಾಂಟ್‌ಗಳು ಅದೇ ಪಾಯಿಂಟ್‌ನ ಅಚ್ಚಿನ ಫಾಂಟ್‌ಗಿಂತ ಬಹಳ ಸಲ ಚಿಕ್ಕದಾಗಿ ಕಾಣುತ್ತವೆ. ‘ಕಾವಿಯಟ್’ ಎಂಬ ಇಂಗ್ಲಿಷ್ ಫಾಂಟನ್ನು 12 ಪಾಯಿಂಟ್‌ನಲ್ಲಿ ಹಾಕಿ, ಪಕ್ಕದಲ್ಲೇ 12 ಪಾಯಿಂಟ್ ಏರಿಯಲ್ ಹಾಕಿ ನೋಡಿ, ಕುಗ್ಗಿಹೋದ ಹಾಗಿರುತ್ತದೆ. 15–16ಕ್ಕೆ ಏರಿಸಿದರೆ ಸಮ ಅನಿಸುತ್ತದೆ. ನಂಬರ್ ನೋಡಬೇಡಿ, ಕಣ್ಣಳತೆ ನಂಬಿ.

ಸಾಲುಗಳ ನಡುವಿನ ಅಂತರ ಧಾರಾಳವಾಗಿರಲಿ. ಇಂಗ್ಲಿಷಿಗೆ ಗಾತ್ರದ 1.3ರಿಂದ 1.4 ಪಟ್ಟು ಸಾಕಾಗುತ್ತದೆ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲಕಟ್ಟಿಗೆ, ಗುಡಿಸಿಗೆ ತಾಗುತ್ತದೆ. ನಾನು 1.6ರಿಂದ ಶುರುಮಾಡುತ್ತೇನೆ.

ಬೋಲ್ಡ್ ಬಟನ್ ಮುಟ್ಟಬೇಡಿ. ಇಂಥ ಹೆಚ್ಚಿನ ಫಾಂಟ್‌ಗಳಲ್ಲಿ ಒಂದೇ ದಪ್ಪ ಇರುತ್ತದೆ. ಬೋಲ್ಡ್ ಒತ್ತಿದರೆ ತಂತ್ರಾಂಶ ಗೆರೆಯನ್ನು ಸುತ್ತಲೂ ಉಬ್ಬಿಸಿಬಿಡುತ್ತದೆ. ‘ಕ್ಷ’, ‘ಜ್ಞ’ಗಳ ಒಳಗಿನ ಪುಟ್ಟ ಖಾಲಿ ಜಾಗಗಳು ಮುಚ್ಚಿ ಮಸಿ ಚೆಲ್ಲಿದ ಹಾಗಾಗುತ್ತದೆ. ಒತ್ತು ಕೊಡಬೇಕಿದ್ದರೆ ಗಾತ್ರ ಹೆಚ್ಚಿಸಿ, ಬಣ್ಣ ಬದಲಿಸಿ, ಇಲ್ಲವೇ ಕೆಳಗೆ ಕೈಯಲ್ಲೇ ಎಳೆದಂಥ ಗೆರೆ ಹಾಕಿ. ಇಟಾಲಿಕ್ಕಿಗೂ ಇದೇ ಮಾತು. ಅಕ್ಷರಗಳ ನಡುವಿನ ಅಂತರವನ್ನೂ ಎಳೆಯಬೇಡಿ, ಕೂಡಿಕೊಂಡ ಬರಹವಾದರೆ ಗೆರೆ ತುಂಡಾಗುತ್ತದೆ. ಇಂಗ್ಲಿಷಿನ ಕೂಡುಬರಹವನ್ನು ಪೂರ್ತಿ ದೊಡ್ಡಕ್ಷರದಲ್ಲಿ ಟೈಪ್ ಮಾಡಿದರಂತೂ ದೇವರೇ ಓದಬೇಕು.

ಉದ್ದ ಎಷ್ಟಿರಬೇಕು? ಎರಡು ಮೂರು ಸಾಲು ಚೆಂದ. ಐದಾರು ಸಾಲಾದರೆ ತಡೆದುಕೊಳ್ಳಬಹುದು. ಅದಕ್ಕಿಂತ ಉದ್ದವಾದರೆ ಶೀರ್ಷಿಕೆಗೆ ಮಾತ್ರ ಕೈಬರಹ ಇಟ್ಟು, ಉಳಿದದ್ದನ್ನು ಸಾದಾ ಫಾಂಟಿಗೆ ಕೊಡಿ.

ಆ ಸಾದಾ ಫಾಂಟ್ ನಿಜಕ್ಕೂ ಸಾದಾ ಇರಲಿ. ಕೈಬರಹ ಮದುಮಗಳಿದ್ದ ಹಾಗೆ, ಪಕ್ಕದಲ್ಲಿ ಇನ್ನೊಬ್ಬರು ಅಷ್ಟೇ ಸಿಂಗರಿಸಿಕೊಂಡು ನಿಂತರೆ ಯಾರನ್ನೂ ನೋಡಲಾಗದು. ನೋಟೋ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡದಂಥವು ಸಾಕು. ಒಂದೇ ಪುಟದಲ್ಲಿ ಎರಡು ಬಗೆಯ ಕೈಬರಹ ಹಾಕಿದರೆ ಇಬ್ಬರು ಬರೆದ ಹಾಗೆ ಕಾಣುತ್ತದೆ. ನಿಜವಾಗಿಯೂ ಇಬ್ಬರ ಮಾತಿದ್ದರೆ, ಅಂದರೆ ಪ್ರಶ್ನೆ ಒಬ್ಬರದ್ದು, ಉತ್ತರ ಇನ್ನೊಬ್ಬರದ್ದು ಆಗಿದ್ದರೆ, ಅದನ್ನೇ ಲಾಭಕ್ಕೆ ಬಳಸಿಕೊಳ್ಳಬಹುದು.

ಬಣ್ಣದ ವಿಷಯದಲ್ಲಿ ಪೆನ್ನನ್ನು ನೆನಪಿಟ್ಟುಕೊಳ್ಳಿ. ಬಾಲ್‌ಪೆನ್ನಿನ ಅಕ್ಷರಕ್ಕೆ ಕಡುನೀಲಿ, ಕಪ್ಪು ಸಹಜ. ಸಣ್ಣ ಗೆರೆಯ ಅಕ್ಷರವನ್ನು ಫೋಟೊ ಮೇಲೆ ನೇರವಾಗಿ ಹಾಕಿದರೆ ಕಳೆದುಹೋಗುತ್ತದೆ. ಹಿಂದೆ ಒಂದು ತಿಳಿ ಬಣ್ಣದ ಪಟ್ಟಿ ಇಡಿ.

ಹಂತ 6: ಶೀರ್ಷಿಕೆಯನ್ನು ಕೈಯಾರೆ ತಿದ್ದುವುದು

ಎರಡು ಮೂರು ಪದದ ಶೀರ್ಷಿಕೆಯಾದರೆ ಈ ಶ್ರಮ ಸಾರ್ಥಕ. ಇಂಕ್‌ಸ್ಕೇಪ್‌ನಲ್ಲಿ ಪದ ಟೈಪ್ ಮಾಡಿ, ಪಾತ್ ಮೆನುವಿನಲ್ಲಿ ಆಬ್ಜೆಕ್ಟ್ ಟು ಪಾತ್ ಒತ್ತಿ, ಆಮೇಲೆ ಗುಂಪು ಬಿಡಿಸಿ. ಈಗ ಅಕ್ಷರಗಳು ಬರೀ ಚಿತ್ರಗಳು. ಎರಡು ಸಲ ಬಂದ ಅಕ್ಷರಗಳಲ್ಲಿ ಒಂದನ್ನು ಒಂದೆರಡು ಡಿಗ್ರಿ ತಿರುಗಿಸಿ, ಒಂಚೂರು ಹಿಗ್ಗಿಸಿ, ಸಾಲಿನಿಂದ ಸ್ವಲ್ಪ ಕೆಳಗಿಳಿಸಿ. ಆಗ ‘ಕನಕ’ದ ಎರಡು ‘ಕ’ಗಳೂ ಬೇರೆ ಬೇರೆ ಸಲ ಬರೆದಂತೆ ಕಾಣುತ್ತವೆ. ಕನ್ನಡದಲ್ಲಿ ಒತ್ತಕ್ಷರ ಬೇರೆ ತುಂಡಾಗಿ ಬರಬಹುದು, ಅಕ್ಷರವನ್ನೂ ಅದರ ಒತ್ತನ್ನೂ ಒಟ್ಟಿಗೆ ಹಿಡಿದೇ ಸರಿಸಿ. ಚಿತ್ರವಾದ ಮೇಲೆ ಕಾಗುಣಿತ ತಿದ್ದಲಾಗದು, ಆದ್ದರಿಂದ ಅದಕ್ಕೂ ಮೊದಲು ಇನ್ನೊಬ್ಬರಿಂದ ಓದಿಸಿ.

ನಿಮ್ಮದೇ ಅಕ್ಷರದ ಫಾಂಟ್ ಮಾಡಬಹುದೇ?

ಇಂಗ್ಲಿಷಿಗೆ ಸಲೀಸು. ಕ್ಯಾಲಿಗ್ರಾಫರ್‌ನಂಥ ಸೇವೆಯಲ್ಲಿ ಚೌಕಗಳಿರುವ ಹಾಳೆ ಸಿಗುತ್ತದೆ. ಅಚ್ಚು ಹಾಕಿ, ಚೌಕಗಳಲ್ಲಿ ಅಕ್ಷರ ತುಂಬಿ, ಸ್ಕ್ಯಾನ್ ಮಾಡಿ ಕೊಟ್ಟರೆ ಫಾಂಟ್ ಕಡತ ಬರುತ್ತದೆ. ದಪ್ಪ ಮಸಿಯ ಪೆನ್ ಬಳಸಿ. ಪ್ರತಿ ಅಕ್ಷರವನ್ನೂ ಒಂದೇ ವೇಗದಲ್ಲಿ ಬರೆಯಿರಿ. ನಿಧಾನಕ್ಕೆ ಚಿತ್ರ ಬಿಡಿಸಿದಂತೆ ಬರೆದರೆ ಗೆರೆ ನಡುಗಿದ್ದು ಕಾಣುತ್ತದೆ.

ಕನ್ನಡಕ್ಕೆ ತಾಳ್ಮೆ ಬೇಕು. ವರ್ಣಮಾಲೆ 49 ಅಕ್ಷರದ್ದಾದರೂ ಬರೆಯಬೇಕಾದ ರೂಪಗಳು ಅಷ್ಟಕ್ಕೇ ನಿಲ್ಲುವುದಿಲ್ಲ. 34 ವ್ಯಂಜನಗಳಿಗೂ ತಲಕಟ್ಟಿನ ರೂಪ, ಗುಡಿಸಿನ ರೂಪ, ಏತ್ವದ ರೂಪ, ಅದರ ಮೇಲೆ 34 ಒತ್ತುಗಳು. ಲೆಕ್ಕ ನೂರಾರಕ್ಕೆ ಹೋಗುತ್ತದೆ. ಯಾವುದರ ಕೆಳಗೆ ಯಾವುದು ಎಲ್ಲಿ ಕೂರಬೇಕು ಅನ್ನುವ ನಿಯಮಗಳನ್ನು ಫಾಂಟ್‌ಫೋರ್ಜ್‌ನಂಥ ಸಾಧನದಲ್ಲಿ ನೀವೇ ಬರೆಯಬೇಕು. ಬೇಕಾಗಿರುವುದು ಒಂದೇ ಶೀರ್ಷಿಕೆ ಅಂತಾದರೆ ನನ್ನ ಸಲಹೆ ಇಷ್ಟೇ: ಬಿಳಿ ಹಾಳೆಯ ಮೇಲೆ ಬರೆದು, ಸ್ಕ್ಯಾನ್ ಮಾಡಿ, ಚಿತ್ರವಾಗಿ ಹಾಕಿಬಿಡಿ. ಫಾಂಟ್ ಯಾಕೆ?

ಹಂತ 7: ಕಳಿಸುವ ಮೊದಲು

ನಿಮ್ಮ ಕಂಪ್ಯೂಟರಿನಲ್ಲಿರುವ ಫಾಂಟ್ ಇನ್ನೊಬ್ಬರ ಬಳಿ ಇರುತ್ತದೆ ಅಂದುಕೊಳ್ಳಬೇಡಿ. ವಿಂಡೋಸ್‌ನ ವರ್ಡ್ ಕಡತ ಕಳಿಸುವುದಾದರೆ ಆಪ್ಷನ್ಸ್‌ನ ಸೇವ್ ಭಾಗದಲ್ಲಿ ಫಾಂಟ್ ಎಂಬೆಡ್ ಮಾಡುವ (ಕಡತದೊಳಗೇ ಸೇರಿಸುವ) ಟಿಕ್ ಹಾಕಿ. ಪಿಡಿಎಫ್ ಮಾಡಿದರೆ ಇನ್ನೂ ಒಳ್ಳೆಯದು. ಅಕ್ರೊಬ್ಯಾಟ್‌ನಲ್ಲಿ ತೆರೆದು ಪ್ರಾಪರ್ಟೀಸ್‌ನ ಫಾಂಟ್ಸ್ ಟ್ಯಾಬ್ ನೋಡಿ, ಹೆಸರಿನ ಪಕ್ಕ ಎಂಬೆಡೆಡ್ ಅಂತಿರಬೇಕು. ಅಚ್ಚಿನವರು ಅಕ್ಷರಗಳನ್ನು ಔಟ್‌ಲೈನ್ ಮಾಡಿ ಕೊಡಿ (ಅಂದರೆ ಹಂತ 6ರ ಹಾಗೆ ಚಿತ್ರವಾಗಿಸಿ) ಅಂದರೆ ಮಾಡಿಕೊಡಿ, ತಿದ್ದಲು ಬರುವ ಮೂಲ ಕಡತವನ್ನು ಬೇರೆ ಹೆಸರಲ್ಲಿ ಉಳಿಸಿಕೊಳ್ಳಿ. ಎಲ್ಲ ಪ್ರತಿ ಅಚ್ಚು ಹಾಕಿಸುವ ಮೊದಲು ನಿಜವಾದ ಗಾತ್ರದಲ್ಲಿ ಒಂದೇ ಒಂದು ಪ್ರತಿ ತೆಗೆಸಿ. ಚೀಟಿಯಾದರೆ ಕೈಯಳತೆಯಲ್ಲಿ, ಪೋಸ್ಟರ್ ಆದರೆ ಗೋಡೆಗೆ ಅಂಟಿಸಿ ನಾಲ್ಕು ಹೆಜ್ಜೆ ಹಿಂದೆ ನಿಂತು, ಆ ಪಠ್ಯವನ್ನು ಮೊದಲು ನೋಡಿರದವರಿಂದ ಜೋರಾಗಿ ಓದಿಸಿ. ಅವರು ಎಲ್ಲಿ ತಡವರಿಸುತ್ತಾರೋ ಆ ಪದದ ಗಾತ್ರ ಹೆಚ್ಚಿಸಿ. ಎರಡನೇ ಸಲವೂ ಅಲ್ಲೇ ತಡವರಿಸಿದರೆ ಆ ಒಂದು ಸಾಲನ್ನು ಸಾದಾ ಫಾಂಟಿಗೆ ಬದಲಾಯಿಸಿ.